ಬಣ್ಣ ಹೊಂದಿದ ಒಂದು ಕುರ್ಚಿ

ತೇಪೆಯಕ್ಕನ ಮನೆಯಲ್ಲಿ ಒಂದು ಬಕೆಟ್ ಇದೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಕೊಂಡು ತಂದದ್ದು. ಆಗ ಅದು ನೀಲಿ ಬಕೆಟ್. ವರ್ಷ ತುಂಬುವ ಮೊದಲೇ ತಳ ಸೀಳಿತು. ಹೊಸದು ತರುತ್ತೇನೆಂದು ಗಂಡ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಒಡೆದ ಕೆಂಪು ಮಗ್ಗಿನ ಚೂರು ಕರಗಿಸಿ ತಳಕ್ಕೆ ಬೆಸೆದು, ನೀರು ತುಂಬಿ, ಅವನ ಕಣ್ಣೆದುರಿಗೇ ಇಟ್ಟಿದ್ದಳು. ಆಮೇಲೆ ಅಂಚು ಹೋಯಿತು, ಅಲ್ಲಿಗೆ ಹಳದಿ ಬಂತು. ಹೊಟ್ಟೆ ಬಿರಿಯಿತು, ಅಲ್ಲಿಗೆ ಹಸಿರು ಬಂತು. ಈಗ ಅದರಲ್ಲಿ ನೀಲಿ ಎಲ್ಲಿದೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು.

"ಹಿಡಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಬೇರೆ ಮನೆಯಿಂದ ಬಂದದ್ದು," ಎನ್ನುತ್ತಾನೆ ಗಂಡ.

"ನಾನೂ ಬೇರೆ ಮನೆಯಿಂದಲೇ ಬಂದವಳು. ನೀರು ಸೋರುತ್ತಾ ಹೇಳಿ," ಎನ್ನುತ್ತಾಳೆ ಅವಳು.

ಸೋರುವುದಿಲ್ಲ. ಅಲ್ಲಿಗೆ ಮಾತು ಮುಗಿಯುತ್ತದೆ. ಮರುದಿನ ಸ್ನಾನದ ಹೊತ್ತಿಗೆ ಅದೇ ಮಾತು ಮತ್ತೆ ಶುರುವಾಗುತ್ತದೆ.

ಅವಳ ನಿಜವಾದ ಹೆಸರು ಈಗ ಯಾರಿಗೂ ಬೇಕಾಗಿಲ್ಲ. ಕರೆದರೆ ಅವಳೇ ಹಿಂದಿರುಗಿ ನೋಡುವುದು ಅನುಮಾನ. ಒಡೆದ ಬಕೆಟ್ಟು, ಕಿವಿ ಹರಿದ ತೊಟ್ಟಿ, ಕಾಲು ಮುರಿದ ಕುರ್ಚಿ, ಹಲ್ಲುದುರಿದ ಬುಟ್ಟಿ, ಪ್ಲಾಸ್ಟಿಕ್ಕಿನದು ಯಾವುದೇ ಇರಲಿ, ಕಾದ ಸಲಾಕೆಯಿಂದ ತೇಪೆ ಹಾಕಿ ಕೊಡುವುದು ಅವಳ ಕಸುಬು. ಅದಕ್ಕೇ ಊರಿಗೆಲ್ಲ ತೇಪೆಯಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಾರೆ, ಅವಳೂ ಓ ಎನ್ನುತ್ತಾಳೆ.

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ಒಂದು ಇದ್ದಿಲ ಒಲೆ ಹೊತ್ತು ಬೀದಿ ಬೀದಿ ಸುತ್ತುತ್ತಿದ್ದ. ಹಿಂದೆ ಚೂರುಗಳ ಚೀಲ ಹೊತ್ತು ಇವಳು. ಬೇರೆ ಹುಡುಗಿಯರು ಅಕ್ಷರ ಕಲಿಯುವ ವಯಸ್ಸಿನಲ್ಲಿ ಇವಳು ಚೂರುಗಳ ಬಳಗ ಕಲಿತಳು. ಕುರ್ಚಿಯ ಚೂರು, ಬಕೆಟ್ಟಿನ ಚೂರು ಸಾಮಾನ್ಯವಾಗಿ ಒಂದೇ ಬಳಗ, ಉಗುರಿನಿಂದ ಗೀರಿದರೆ ಜಗ್ಗುವುದಿಲ್ಲ. ಎಣ್ಣೆ ಡಬ್ಬ, ಬೆಳ್ಳನೆಯ ಕ್ಯಾನು ಇವು ಬೇರೆ ಬಳಗ, ಮುಟ್ಟಿದರೆ ಮೇಣದ ಹಾಗೆ ಜಾರುತ್ತವೆ. ನೀರಿನ ಬಾಟಲಿಯದು ಇನ್ನೊಂದು, ಅದು ಯಾರೊಂದಿಗೂ ಸೇರದ ಜಂಬದ ಕುಲ.

"ಬೆಸುಗೆ ಅಂದ್ರೆ ಸಂಬಂಧ, ಮಗಳೇ," ಎನ್ನುತ್ತಿದ್ದ ಅಪ್ಪ. "ಎರಡೂ ಕಡೆಯವರು ಕರಗಬೇಕು. ಕರಗಿ ಒಂದಾಗಬೇಕು. ಬಳಗ ತಪ್ಪಿದರೆ ಅಂಟಿದ ಹಾಗೆ ಕಾಣುತ್ತೆ, ಅಂಟಿರಲ್ಲ. ಬಣ್ಣ ನೋಡಿ ಮೋಸ ಹೋಗಬೇಡ."

ಅಪ್ಪನದು ಇನ್ನೂ ಒಂದು ಕಟ್ಟಳೆಯಿತ್ತು. ತೇಪೆ ಹಾಕಿದ ಕುರ್ಚಿ ಯಜಮಾನರ ಮನೆ ಸೇರುವ ಮೊದಲು ಅದರ ಮೇಲೆ ತಾನೇ ಕೂರಬೇಕು. ಬರೀ ಕೂರುವುದಲ್ಲ, ನೀರು ತುಂಬಿದ ಬಕೆಟ್ ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೂ ಮುಂದಕ್ಕೂ ತೂಗಬೇಕು. ಬಿದ್ದರೆ ತಾನು ಬಿದ್ದ, ನೆಂದರೆ ತಾನು ನೆಂದ. ತೇಪೆಯಕ್ಕ ಆ ಕಟ್ಟಳೆಯನ್ನು ಒಮ್ಮೆಯೂ ಮುರಿದವಳಲ್ಲ. ಮುರಿದದ್ದು ಒಂದೇ ಸಲ. ಅದೂ ಮುರಿದವಳು ಅವಳಲ್ಲ, ಅವಳ ಗಂಡ.

ಗಂಡ ನಾಲ್ಕಂತಸ್ತಿನ ಒಂದು ಕಟ್ಟಡದ ವಾಚ್‌ಮನ್. ಮನುಷ್ಯ ಒಳ್ಳೆಯವನೇ. ಆದರೆ ಇಸ್ತ್ರಿಯ ಹುಚ್ಚು. ಕಾಕಿ ಪ್ಯಾಂಟಿನ ಗೆರೆಯಲ್ಲಿ ಸೊಪ್ಪು ಹೆಚ್ಚಬಹುದು, ಹಾಗಿರುತ್ತದೆ. ಗೆರೆ ಕೆಡುತ್ತದೆಂದು ಗೇಟಿನ ಬಳಿ ಕೂರುವುದೇ ಇಲ್ಲ, ಕಂಬಕ್ಕೆ ಜೊತೆಯಾಗಿ ಇನ್ನೊಂದು ಕಂಬವಾಗಿ ನಿಂತಿರುತ್ತಾನೆ. ಅಂಥವನ ಹೆಂಡತಿ ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಬಣ್ಣಬಣ್ಣದ ಚೂರುಗಳ ನಡುವೆ ಕೂತು ಹಸಿರು ಕುರ್ಚಿಗೆ ಗುಲಾಬಿ ಕಾಲು ಬೆಸೆಯುತ್ತಿದ್ದರೆ ಅವನಿಗೆ ಹೇಗಾಗಬೇಡ?

ಆದರೆ ಮೆಟ್ಟಿಲ ಕೆಳಗಿನ ಆ ಜಾಗ ಅವಳಿಗೆ ಜೀವ. ಹಿಂದಿನ ಅಂಗಳಕ್ಕೆ ಬಾಗಿಲು, ಗಾಳಿ, ಕರೆಂಟಿನ ಸಲಾಕೆಗೆ ಒಂದು ಪ್ಲಗ್ಗು. ತಲೆ ಎತ್ತಿದರೆ ಮೆಟ್ಟಿಲು ಹಣೆಗೆ ಬಡಿಯುತ್ತದೆ, ಅಷ್ಟು ಬಿಟ್ಟರೆ ಅರಮನೆ. ಅವಳು ಬರುವ ಮೊದಲು ಆ ಕಟ್ಟಡದ ಕಸದ ಕೋಣೆ ಕುಂಟರ ಆಸ್ಪತ್ರೆಯ ಹಾಗಿತ್ತು. ಒಂದು ಕಾಲು ಹೋದ ಕುರ್ಚಿ, ಕೂದಲೆಳೆ ಬಿರುಕಿನ ಬಕೆಟ್ಟು, ಮುಚ್ಚಳ ಕಳೆದುಕೊಂಡ ಡಬ್ಬ, ಬಿರಿದರೆ ಬಿಸಾಡು, ಅಂಗಡಿಗೆ ಓಡು. ಈಗ ಬಿರಿದರೆ ಮೆಟ್ಟಿಲ ಕೆಳಗೆ ಓಡುತ್ತಾರೆ. ತೇಪೆಯ ಜೊತೆ ಬೈಗುಳ ಪುಕ್ಕಟೆ.

"ಕುದಿಯೋ ನೀರು ಸುರಿದ್ರೆ ಬಕೆಟ್ ಏನು ಮಾಡುತ್ತೆ ಪಾಪ? ನಿಮ್ಮ ತಲೆ ಮೇಲೆ ಸುರಿದ್ರೆ ನೀವು ಸುಮ್ನಿರ್ತೀರಾ? ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿ."

"ಕುರ್ಚೀನ ಬಿಸಿಲಲ್ಲಿ ಇಡಬೇಡಿ ಅಂತ ಹೇಳಿಲ್ವಾ? ನೀವಂತೂ ಬಿಸಿಲಿಗೆ ಹೋಗಲ್ಲ, ಅದನ್ನ ಯಾಕೆ ಕಳಿಸ್ತೀರಿ?"

ತೇಪೆಗೂ ನಿಲುಕದ್ದನ್ನು ಅವಳು ತೊಳೆದು, ಬಳಗಬಳಗವಾಗಿ ಬೇರ್ಪಡಿಸಿ, ಬೇರೆಬೇರೆ ಚೀಲಕ್ಕೆ ತುಂಬುತ್ತಿದ್ದಳು. ಕಲಸುಮೇಲೋಗರ ಕೆದಕಿ ಕೆದಕಿ ಸಾಕಾಗಿದ್ದ ಗುಜರಿಯವನು ಈ ಕಟ್ಟಡಕ್ಕೆ ಮಾತ್ರ ಬೀಗರ ಮನೆಗೆ ಬಂದ ಹಾಗೆ ನಗುತ್ತಾ ಬರುತ್ತಿದ್ದ. ಕರಗಿಸುವ ಕಾರ್ಖಾನೆಯಲ್ಲಿ ಅವನ ಮಾಲಿಗೆ ಮರ್ಯಾದೆಯಂತೆ.

ಹೀಗಿರುವಾಗ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಮೇಡಂಗೆ ಮೀನಿನ ಕನಸು ಬಿತ್ತು. ಯಾವುದೋ ಹೋಟೆಲಿನ ಬಾಗಿಲಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನು ಬಾಲ ಬೀಸುವುದನ್ನು ನೋಡಿ ಬಂದಿದ್ದರು. ನಮ್ಮ ಕಟ್ಟಡಕ್ಕೂ ಒಂದು ಮೀನಿನ ತೊಟ್ಟಿ ಬೇಕು, ಮೆಟ್ಟಿಲ ಕೆಳಗೇ ಬೇಕು ಎಂದು ಹಠ ಹಿಡಿದರು.

"ಒಳಗೆ ಬಂದವರಿಗೆ ಮೊದಲು ಕಾಣೋದೇ ಗುಜರಿ ಅಂಗಡಿ," ಎಂದರು ಮೇಡಂ. "ಇನ್ನು ನಮ್ಮ ಮೀಟಿಂಗ್ ಹಾಲಿನ ಕುರ್ಚಿಗಳೋ! ಕಂದು ಕುರ್ಚಿಗೆ ಕೆಂಪು, ಹಳದಿ, ಗಿಳಿಹಸಿರು. ಸರ್ಕಸ್ಸಿನ ಕೋಡಂಗಿ ಅಂಗಿ ಥರ."

ಸಂಘದ ಅಧ್ಯಕ್ಷರು ಭಾರೀ ಆಳು, ಮಾತು ಮಾತ್ರ ಹಗುರ. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಡುವವರು. "ಅದೂ ಸರಿ, ಇದೂ ಸರಿ. ಭಾನುವಾರ ಸಭೆ ಕರೆಯೋಣ. ಎಲ್ಲರೂ ಏನಂತಾರೋ ಅದು," ಎಂದುಬಿಟ್ಟರು.

ಸುದ್ದಿ ತೇಪೆಯಕ್ಕನಿಗೂ ತಲುಪಿತು. ಮೆಟ್ಟಿಲ ಕೆಳಗಿನ ಜಾಗ ಹೋದರೆ ಮತ್ತೆ ಬೀದಿ ಸುತ್ತಬೇಕು. ಅಪ್ಪನಿಗೆ ಕಾಲಿತ್ತು. ಇವಳ ಮೊಣಕಾಲು ಎರಡು ಬೀದಿಗೇ ಅಳುತ್ತದೆ.

ಶನಿವಾರ ಮಧ್ಯಾಹ್ನ ಅವಳು ಹಾಲಿನ ಕೊನೆಯ ಮುರುಕು ಕುರ್ಚಿಯನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಗಂಡ ಬಂದ. ಕೈಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬ, ತೊಳೆದು ಫಳಫಳ ಮಾಡಿದ್ದ. ಪ್ಯಾಂಟಿನ ಮೇಲೆ ನೀರು ಸಿಡಿದಿದ್ದರೂ ಮುಖ ಅರಳಿತ್ತು.

"ನೋಡೇ! ಯಾವ ಬಣ್ಣ ಹೇಳು?"

ಡಬ್ಬ ಕಂದು. ಕುರ್ಚಿಯ ಪಕ್ಕ ಹಿಡಿದರೆ ಅವಳಿ ಜವಳಿ.

"ಕಸದ ಕೋಣೆಯಲ್ಲಿ ಹುಡುಕಿದೆ ಕಣೇ. ಇದನ್ನ ಕರಗಿಸಿ ಹಾಕು. ತೇಪೆ ಎಲ್ಲಿದೆ ಅಂತ ಆ ಮೇಡಂ ಕನ್ನಡಕ ಹಾಕ್ಕೊಂಡು ಹುಡುಕಲಿ. ನಾಳೆ ಸಭೆಯಲ್ಲಿ ನಾನೇ ಎತ್ತಿ ತೋರಿಸ್ತೀನಿ, ನೋಡಿ ನನ್ನ ಹೆಂಡತಿ ಕೆಲಸ ಅಂತ."

ಅವಳು ಡಬ್ಬ ಮುಟ್ಟಿದಳು. ಮೇಣದ ಹಾಗೆ ಜಾರಿತು. ಬೇರೆ ಬಳಗ. "ರೀ, ಇದು ಅದಕ್ಕೆ…" ಎಂದು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿದಳು. ಮದುವೆಯಾಗಿ ತಲೆ ಬೆಳ್ಳಗಾಗುವವರೆಗೆ ಈ ಮನುಷ್ಯ ಅವಳ ಕಸುಬಿನ ಒಂದು ಚೂರನ್ನೂ ಕೈಯಿಂದ ಮುಟ್ಟಿರಲಿಲ್ಲ. ಇವತ್ತು ಕಸದ ಕೋಣೆಗೆ ಇಳಿದಿದ್ದಾನೆ, ಅದೂ ಇಸ್ತ್ರಿ ಪ್ಯಾಂಟಿನಲ್ಲಿ! ಬೇರೆಯವರ ಗಂಡಂದಿರು ಹೂವು ತರಬಹುದು, ಇವನು ಎಣ್ಣೆ ಡಬ್ಬ ತಂದಿದ್ದ.

ಹೋಗಲಿ, ಸ್ವಲ್ಪ ಹೆಚ್ಚು ಕಾಯಿಸಿದರೆ ಕೂಡಿಕೊಂಡೀತು ಎಂದುಕೊಂಡಳು. ಅಪ್ಪನ ಮಾತು ಕಿವಿಯಲ್ಲಿ ಕುಟುಕಿತು. "ನೀನು ಸುಮ್ನಿರಪ್ಪ, ಇವತ್ತೊಂದು ದಿನ," ಎಂದು ಸಲಾಕೆ ಕಾಯಿಸಿದಳು. ಹಿಂಗಾಲು ಬೆಸೆದಳು. ಗಾಜಿನ ಚೂರಿನಿಂದ ಹೆರೆದಳು, ಬಟ್ಟೆಯಿಂದ ಉಜ್ಜಿದಳು. ಕೊನೆಗೆ ನೋಡಿದರೆ ತೇಪೆ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಅವಳಿಗೇ ತಿಳಿಯದಷ್ಟು ನಯ. ಜೀವಮಾನದಲ್ಲಿ ಅಷ್ಟು ಚೆಂದದ ತೇಪೆ ಹಾಕಿರಲಿಲ್ಲ. ಆರಲಿ, ಬೆಳಗ್ಗೆ ಬಕೆಟ್ ಇಟ್ಟುಕೊಂಡು ಕೂತು ನೋಡುತ್ತೇನೆ ಎಂದು ಮೂಲೆಗಿಟ್ಟು ಅಡುಗೆಗೆ ಹೋದಳು.

ಬೆಳಗ್ಗೆ ಬಂದು ನೋಡಿದರೆ ಮೂಲೆ ಖಾಲಿ.

ಕೆಳಗೆ ಉಳಿಕೆ ಚೂರೊಂದು ಬಿದ್ದಿತ್ತು. ಸಲಾಕೆಯ ಬಿಸಿ ನೋಡಲು ನಿನ್ನೆ ಅದೇ ಡಬ್ಬದ ಪಟ್ಟಿಯನ್ನು ಮುರುಕು ಕಾಲಿನ ತುಂಡಿಗೆ ಬೆಸೆದಿದ್ದಳು. ಕೈಗೆತ್ತಿಕೊಂಡು ಉಗುರು ಹಾಕಿದಳು. ಒಣಗಿದ ಗಾಯದ ಹಕ್ಕಳೆ ಎದ್ದ ಹಾಗೆ ಪಟ್ಟಿ ಪಟ್ಟನೆ ಎದ್ದು ಬಂತು.

ಅವಳು ಮೊಣಕಾಲು ಮರೆತು ಹಾಲಿಗೆ ಓಡಿದಳು. ಗಂಡ ಆಗಲೇ ಕುರ್ಚಿಗಳನ್ನೆಲ್ಲ ಸಾಲಾಗಿ ಹಾಕಿ, ಒರೆಸಿ, ಎದೆಯುಬ್ಬಿಸಿ ನಿಂತಿದ್ದ.

"ರೀ, ಮೂಲೆಯಲ್ಲಿದ್ದ ಕುರ್ಚಿ?"

"ಎಲ್ಲದರ ಜೊತೆ ಹಾಕಿದೀನಿ. ಯಾವುದು ಅಂತ ನೀನೇ ಕಂಡುಹಿಡಿ ನೋಡೋಣ!"

"ಅಯ್ಯೋ, ಅದರ ಮೇಲೆ ಕೂತು ನೋಡಿರಲಿಲ್ಲ ಕಣ್ರೀ! ಯಾವುದು ಹೇಳಿ ಬೇಗ."

ಅವನು ಬಾಯಿ ತೆರೆದ. ಆಚೆ ನೋಡಿದ, ಈಚೆ ನೋಡಿದ. ಕೋಡಂಗಿ ಕುರ್ಚಿಗಳು ಒಂದೊಂದು ಕೆಂಪು, ಹಳದಿ ತೋರಿಸಿ ನಗುತ್ತಿದ್ದವು. ಉಳಿದವು ಒಂದೇ ತಾಯಿಯ ಮಕ್ಕಳ ಹಾಗೆ ಕಂದು ಬಣ್ಣದಲ್ಲಿ ಕೂತಿದ್ದವು. ಅವನು ಇಂಗು ತಿಂದ ಮಂಗನಂತೆ ನಿಂತ.

"ಎಷ್ಟು ಚೆನ್ನಾಗಿ ಮಾಡಿದೀಯೇ," ಎಂದ ಕೊನೆಗೆ.

"ಸುಡ್ಲಿ!"

ಅವಳು ನೆಲಕ್ಕೆ ಕೂತು ತೇಪೆಯಿಲ್ಲದ ಕುರ್ಚಿಗಳ ಹಿಂಗಾಲನ್ನು ಒಂದೊಂದಾಗಿ ಉಗುರಿನಿಂದ ಗೀರತೊಡಗಿದಳು. ಗಡಸು. ಗಡಸು. ಗಡಸು. ಒಂದು ಸಾಲು ಮುಗಿಯುವಷ್ಟರಲ್ಲಿ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಜನ ಬಂದರು. ಮೊದಲು ಬಂದವಳು ಮೇಲ್ಮನೆಯ ಅಜ್ಜಿ, ಕಂಕುಳಲ್ಲಿ ತನ್ನದೇ ಸ್ಟೂಲು. ಅದಕ್ಕೆ ಅಂಗೈಯಗಲ ಹಳದಿ ತೇಪೆ.

"ನಂಗೆ ಇದೇ ಸರಿ ಕಣೇ. ಇದರ ಗುಣ ನಂಗೊತ್ತು, ನನ್ನ ಗುಣ ಇದಕ್ಕೊತ್ತು," ಎಂದು ಅಜ್ಜಿ ಮುಂದೆ ಸ್ಟೂಲು ಹಾಕಿ ಕೂತಳು.

ಉಳಿದವರು ಕಂದು ಕುರ್ಚಿಗಳನ್ನೇ ಆರಿಸಿ ಆರಿಸಿ ಕೂತರು. ತೇಪೆಯವನ್ನು ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರು ಕೂತಾಗಲೂ ತೇಪೆಯಕ್ಕ ಕಣ್ಣು ಮುಚ್ಚುತ್ತಿದ್ದಳು, ಏನೂ ಆಗದಿದ್ದರೆ ತೆರೆಯುತ್ತಿದ್ದಳು. ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ, ನೋಡಿದಿರಾ, ತೇಪೆ ಕುರ್ಚಿ ಅಂದರೆ ಅಪಾಯ ಎಂದು ಮೇಡಂ ಅಲ್ಲೇ ಮೀನು ಬಿಟ್ಟುಬಿಡುತ್ತಾರೆ. ಹೇಳದಿದ್ದರೆ ಯಾರ ಸೊಂಟವೋ.

ಪೊರಕೆ ಹಿಡಿದು ಗುಡಿಸುವವಳ ಹಾಗೆ ಬಗ್ಗಿ ಸಾಲಿನ ಹಿಂದೆ ನುಸುಳಿದಳು. ಒಂದು ಕಾಲು ಗೀರಿದಳು, ಗಡಸು. ಇನ್ನೊಂದು, ಗಡಸು. ಮೂರನೆಯದು ಮೆತ್ತಗೆ ಸಿಕ್ಕಿತು. ಸಿಕ್ಕಿತಪ್ಪಾ ಎಂದು ಜೋರಾಗಿ ಗೀರಿದಳು.

"ಅಯ್ಯಯ್ಯೋ! ಬೆಕ್ಕು! ಬೆಕ್ಕು!" ಎಂದು ಕಾರ್ಯದರ್ಶಿ ಮೇಡಂ ಕಾಲು ಮೇಲಕ್ಕೆತ್ತಿದರು. ಅದು ಅವರ ಹಿಮ್ಮಡಿ.

"ಬೆಕ್ಕಲ್ಲ ಮೇಡಂ, ನಾನು. ಕಸ ಇತ್ತು."

"ನನ್ನ ಕಾಲಲ್ಲಾ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಅಧ್ಯಕ್ಷರು ಬಂದರು. ಬಾಗಿಲು ತುಂಬ ಬಂದರು. ಅವರಿಗೆಂದು ಎದುರಿಗೆ ಒಂದು ಕುರ್ಚಿ ಮೀಸಲಿತ್ತು, ಎಲ್ಲಕ್ಕಿಂತ ನಯವಾದ, ಒಂದು ಗೀರೂ ಇಲ್ಲದ ಕಂದು ಕುರ್ಚಿ. ಗಂಡನೇ ಆರಿಸಿ ಇಟ್ಟದ್ದು. ಅಧ್ಯಕ್ಷರು ಪಂಚೆ ಸರಿಪಡಿಸಿಕೊಂಡು, "ಹಾಂ, ಶುರು ಮಾಡೋಣ," ಎಂದು ಬಗ್ಗಿದರು.

ತೇಪೆಯಕ್ಕನ ಕಣ್ಣಿಗೆ ಮೆಟ್ಟಿಲ ಕೆಳಗಿನ ಅರಮನೆ ಒಮ್ಮೆ ಕಂಡಿತು. ಅಧ್ಯಕ್ಷರ ಭಾರ ಅದರ ಪಕ್ಕದಲ್ಲೇ ಕಂಡಿತು.

"ಕೂತ್ಕೋಬೇಡಿ ಸಾರ್!"

ಅಧ್ಯಕ್ಷರು ಅರ್ಧ ಬಗ್ಗಿದವರು ಹಾಗೇ ನಿಂತರು, ಕೂತದ್ದೂ ಅಲ್ಲ, ಎದ್ದದ್ದೂ ಅಲ್ಲ. ಅದು ಅವರಿಗೆ ಅಭ್ಯಾಸದ ಭಂಗಿಯೇ.

"ಯಾರೂ ಕೂತ್ಕೋಬೇಡಿ! ಎಲ್ಲಾ ಎದ್ದೇಳಿ! ಈ ಕುರ್ಚಿಗಳಲ್ಲಿ ಒಂದು ಕೆಟ್ಟಿದೆ. ಕಾಲು ನಾನೇ ಬೆಸೆದದ್ದು. ಬಳಗ ತಪ್ಪಿ ಬೆಸೆದೆ. ಯಾವುದು ಅಂತ ನಂಗೂ ಗೊತ್ತಿಲ್ಲ. ಬಣ್ಣ ಅಷ್ಟು ಹೊಂದಿಬಿಟ್ಟಿದೆ."

ಸಭೆ ಬೆಂಕಿ ಬಿದ್ದ ಹಾಗೆ ಎದ್ದು ನಿಂತಿತು.

"ಕೇಳಿಸ್ಕೊಂಡ್ರಾ?" ಮೇಡಂ ಧ್ವನಿ ಏರಿತು. "ಅವಳ ಬಾಯಲ್ಲೇ ಬಂತು. ಇಷ್ಟು ದಿನ ನಾವು ಇವಳ ತೇಪೆ ನಂಬಿ ಕೂತಿದ್ವಿ!"

"ನನ್ನ ಬೇರೆ ತೇಪೆಗೆ ಏನೂ ಆಗಲ್ಲ ಮೇಡಂ," ಎಂದಳು ತೇಪೆಯಕ್ಕ. "ಕೆಂಪು, ಹಳದಿ ಎಲ್ಲಾ ಒಂದೊಂದೂ ಬಕೆಟ್ ಇಟ್ಕೊಂಡು ಕೂತು ನೋಡಿ ಕೊಟ್ಟದ್ದು. ಕೆಟ್ಟದ್ದು ಈ ಚೆಂದದ್ದು ಒಂದೇ."

ಎಲ್ಲರೂ ತಾವು ಈಗಷ್ಟೇ ಎದ್ದ ಕಂದು ಕುರ್ಚಿಯನ್ನು ಹಾವನ್ನು ನೋಡಿದ ಹಾಗೆ ನೋಡಿದರು. ಮೊದಲು ಕದಲಿದ್ದು ಎರಡನೇ ಅಂತಸ್ತಿನ ಅಂಕಲ್. ಮೆಲ್ಲಗೆ ಗೋಡೆ ಬದಿಗೆ ಸರಿದು ಕೆಂಪು ತೇಪೆಯ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಅಷ್ಟೇ ಸಾಕಾಯಿತು. ಹಾಲಿನಲ್ಲಿ ನೂಕುನುಗ್ಗಲು!

"ಹಳದಿ ನಂದು, ನಾನು ಮೊದಲು ನೋಡಿದ್ದು!"

"ರೀ, ಆ ಗುಲಾಬಿ ಕಾಲಿಂದು ಹಿಡ್ಕೊಳ್ರೀ, ನೋಡ್ತಾ ನಿಂತಿದ್ದೀರಲ್ಲ!"

"ಎರಡು ತೇಪೆ ಇರೋದು ಅಧ್ಯಕ್ಷರಿಗೆ ಕೊಡಿ, ಅವರ ಭಾರಕ್ಕೆ ಎರಡು ಬೇಕು!"

ದೂಳು ಇಳಿದಾಗ ನೋಡಿದರೆ ಕೋಡಂಗಿ ಕುರ್ಚಿಗಳೆಲ್ಲ ಭರ್ತಿ. ಗಿಳಿಹಸಿರು ತೇಪೆಯ ಕುರ್ಚಿಯಲ್ಲಿ, ಎರಡೂ ತೋಳು ಗಟ್ಟಿಯಾಗಿ ಹಿಡಿದು, ಕಾರ್ಯದರ್ಶಿ ಮೇಡಂ ಕೂತಿದ್ದರು. ಕುರ್ಚಿ ಸಿಗದವರು ಗೋಡೆಗೊರಗಿ ನಿಂತಿದ್ದರೇ ಹೊರತು ಕಂದು ಕುರ್ಚಿಯ ಹತ್ತಿರ ಸುಳಿಯಲಿಲ್ಲ.

ಮೇಲ್ಮನೆಯ ಅಜ್ಜಿ ಹಳದಿ ತೇಪೆಯ ಸ್ಟೂಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು. "ಏನಮ್ಮಾ ಕಾರ್ಯದರ್ಶಿ, ಕೋಡಂಗಿ ಅಂಗಿ ಹೇಗಿದೆ? ಮೈಗೆ ಸರಿಯಾಗಿ ಕೂತಿದೆಯಾ?"

ಮೇಡಂ ಕೇಳಿಸದ ಹಾಗೆ ಮಾಡಿದರು. ಆದರೆ ಏಳಲಿಲ್ಲ.

ಇಷ್ಟೆಲ್ಲ ನಡೆಯುವಾಗ ಗಂಡ ಒಂದು ಮೂಲೆಯಲ್ಲಿ ಕೆಂಪಗಾಗಿ ನಿಂತಿದ್ದ. ಹೆಂಡತಿ ತುಂಬಿದ ಸಭೆಯಲ್ಲಿ ತಪ್ಪು ತನ್ನದೆಂದಳು, ಡಬ್ಬ ತಂದವರ ಹೆಸರು ಎತ್ತಲಿಲ್ಲ. ಅದು ಅವನಿಗೆ ಎಲ್ಲಿಯೋ ಚುಚ್ಚಿತು. ಮುಂದೆ ಬಂದ.

"ಡಬ್ಬ ತಂದವನು ನಾನು. ಬಣ್ಣ ಬೇಕು ಅಂದವನೂ ನಾನು," ಎಂದ ಜೋರಾಗಿ. "ನಾನೇ ಕೂತು ಕಂಡುಹಿಡಿದು ಕೊಡ್ತೀನಿ."

ಗೆರೆ ಕೆಡುತ್ತದೆಂದು ಎಂದೂ ಕೂರದವನು ಕಂದು ಕುರ್ಚಿಗಳ ಮೇಲೆ ಒಂದಾದ ಮೇಲೊಂದು ಕೂರತೊಡಗಿದ. ಕೂತು, ಹಿಂದಕ್ಕೂ ಮುಂದಕ್ಕೂ ತೂಗಿ, ಎದ್ದು, ಮುಂದಿನದಕ್ಕೆ. ಜನ ಕತ್ತು ಚಾಚಿ ನೋಡಿದರು. ಕೊನೆಗೆ ಉಳಿದದ್ದು ಅಧ್ಯಕ್ಷರಿಗೆಂದು ಇಟ್ಟಿದ್ದ ಆ ನಯವಾದ ಕುರ್ಚಿ.

"ರೀ, ಸಾಕು, ಅದೇ ಇರಬೇಕು," ಎಂದಳು ತೇಪೆಯಕ್ಕ.

"ಕೂತು ನೋಡದೆ ಕೊಡಬಾರದು ಅಂತ ನಿಮ್ಮಪ್ಪ ಹೇಳಿಲ್ವೇನೇ?" ಎಂದು ಅವನು ಕೂತ.

ಕಾಲು ಪಟ್ ಎಂದಿತು. ಮನುಷ್ಯ ದೊಪ್ ಎಂದ. ಅವೆರಡರ ನಡುವೆ ಇನ್ನೊಂದು ಸದ್ದು ಬಂತು, ಪರ್ ಎಂದು, ಉದ್ದವಾಗಿ. ಇಸ್ತ್ರಿ ಮಾಡಿದ ಕಾಕಿ ಪ್ಯಾಂಟು ಹಿಂಬದಿಯಲ್ಲಿ ಸೊಂಟದಿಂದ ಕೆಳಗೆ ಬಾಯಿ ಬಿಟ್ಟಿತ್ತು.

ತೇಪೆಯಕ್ಕ ಓಡಿ ಬಂದು ಅವನ ತಲೆ, ಕೈ, ಬೆನ್ನು ತಡವಿದಳು. ಏನೂ ಆಗಿರಲಿಲ್ಲ. ಆಮೇಲೆ ಹಿಂದೆ ನೋಡಿದಳು.

"ಇದಕ್ಕೆ ಯಾವ ಬಣ್ಣ ಹಾಕಲಿ?" ಎಂದಳು.

ಮೊದಲು ನಕ್ಕದ್ದು ಬಿದ್ದವನೇ. ಆಮೇಲೆ ಅಜ್ಜಿ. ಆಮೇಲೆ ಅಧ್ಯಕ್ಷರು ನಕ್ಕರು. ಎರಡು ತೇಪೆಯ ಕುರ್ಚಿ ಗಡಗಡ ಅಲುಗಿತು, ಆದರೆ ಗಟ್ಟಿಯಾಗಿ ನಿಂತಿತು. ನಕ್ಕು ಸಾಕಾದ ಮೇಲೆ ಅವರು ಕಣ್ಣೊರೆಸಿಕೊಂಡು, ತಾವು ಕೂತಿದ್ದ ಕುರ್ಚಿಯ ಕಾಲನ್ನು ಬಗ್ಗಿ ನೋಡಿ, ಜೀವನದಲ್ಲಿ ಮೊದಲ ಸಲ ದೀಪವನ್ನು ಒಂದೇ ಕಡೆ ಇಟ್ಟರು.

"ಜಾಗ ಅವಳದೇ ಇರಲಿ. ಆದರೆ ಒಂದು ಕರಾರು. ಇನ್ನು ಮೇಲೆ ಬಣ್ಣ ಹೊಂದಿಸಕೂಡದು. ತೇಪೆ ಹತ್ತು ಮಾರು ದೂರದಿಂದ ಕಾಣಬೇಕು. ಎಲ್ಲಿ ಧೈರ್ಯವಾಗಿ ಕೂರಬಹುದು ಅಂತ ನಮಗೆ ಗೊತ್ತಾಗಬೇಕಲ್ಲ!"

ಒಪ್ಪಿಗೆಯೆಂದು ಎಲ್ಲರೂ ಕೈ ಎತ್ತಿದರು. ಮೇಡಂ ಕೂಡ ಎತ್ತಿದರು. ಒಂದೇ ಕೈ. ಇನ್ನೊಂದು ಕೈ ಇನ್ನೂ ಕುರ್ಚಿಯ ತೋಳನ್ನು ಬಿಟ್ಟಿರಲಿಲ್ಲ. ಮೀನಿನ ತೊಟ್ಟಿ ಆಮೇಲೆ ಅವರ ಮನೆಯೊಳಗೇ ಬಂತು. ಒಂದು ದಿನ ಸೋರಿದಾಗ ಮೆಟ್ಟಿಲ ಕೆಳಗೆ ಬಂದು ನಿಂತರು. "ಗಾಜು ನಮ್ಮ ಬಳಗ ಅಲ್ಲ ಮೇಡಂ," ಎಂದಳು ತೇಪೆಯಕ್ಕ. ಆದರೆ ಗಾಜಿನವನು ಬರುವ ತನಕ ಮೀನು ಬಿಟ್ಟುಕೊಳ್ಳಲಿ ಎಂದು ತನ್ನ ಬಕೆಟ್ಟನ್ನು ಕೊಟ್ಟಳು, ಒಂದು ಕಾಲದಲ್ಲಿ ನೀಲಿಯಾಗಿದ್ದದ್ದು. ಬಣ್ಣಬಣ್ಣದ ಮೀನು ಬಣ್ಣಬಣ್ಣದ ಬಕೆಟ್ಟಿನಲ್ಲಿ ಯಾವುದು ತೇಪೆ, ಯಾವುದು ಬಾಲ ತಿಳಿಯದ ಹಾಗೆ ಓಡಾಡಿತು.

ಗಂಡನನ್ನು ಬೀಳಿಸಿದ ಆ ಕುರ್ಚಿಗೆ ಅವಳು ಕೆಂಪು ಮಗ್ಗಿನ ಚೂರು ಹಾಕಿ ಕಾಲು ಬೆಸೆದು, ಬಕೆಟ್ ತೊಡೆಯ ಮೇಲಿಟ್ಟುಕೊಂಡು ಕೂತು ನೋಡಿದಳು. ಈಗ ಅದು ಗೇಟಿನ ಬಳಿ ಇದೆ, ವಾಚ್‌ಮನ್ ಅದರ ಮೇಲೆ ಕೂರುತ್ತಾನೆ. ಪ್ಯಾಂಟಿನ ಗೆರೆ ಮೊದಲಿನಷ್ಟು ಹರಿತವಾಗಿಲ್ಲ. ಹಿಂಬದಿಯಲ್ಲಿ ಕಾಕಿಗೆ ಕಾಕಿಯೇ ತೇಪೆ ಇದೆ. ಬಟ್ಟೆಗೆ ಬಟ್ಟೆ, ಒಂದೇ ಬಳಗವಾದ್ದರಿಂದ ಅಲ್ಲಿ ಬಣ್ಣ ಹೊಂದಿಸಲು ಅವಳು ಒಪ್ಪಿದ್ದಳು.

ಕಸದ ಕೋಣೆಯಲ್ಲಿ ಏನಾದರೂ ಸಿಕ್ಕಿದರೆ ಅವನು ಈಗಲೂ ತೊಳೆದು ತರುತ್ತಾನೆ. ಆದರೆ ಬಣ್ಣದ ಮಾತೆತ್ತುವುದಿಲ್ಲ. ಬಾಗಿಲಲ್ಲಿ ನಿಂತು, ಉಗುರಿನಿಂದ ತಾನೇ ಒಮ್ಮೆ ಗೀರಿ, ಕೈ ಚಾಚುತ್ತಾನೆ.

"ಇವರು ಯಾರ ಕಡೆಯವರು ನೋಡೇ."